ಬ್ರೆಡ್ಡಿಗೆ ಹಚ್ಚುವ ಆಸ್ಟ್ರಿಯಾದ ಆಲೂಗಡ್ಡೆ: ಗೋಂದು ಯಾಕಾಗುತ್ತೆ, ನೀರು ಯಾಕೆ ಬಿಡುತ್ತೆ?

ಪ್ರಶ್ನೆ: ನಮ್ಮ ಊರು ಹಾಸನ, ಈಗ ಇರುವುದು ಆಸ್ಟ್ರಿಯಾದ ಲಿಂಜ್‌ನಲ್ಲಿ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಹೋದ ಬೇಸಿಗೆಯಲ್ಲಿ ಮೊಸ್ಟ್‌ಫೀರ್ಟೆಲ್ ಕಡೆ ಹಳ್ಳಿಯ ಹೋಟೆಲೊಂದರಲ್ಲಿ ಕಪ್ಪು ಬ್ರೆಡ್ಡಿನ ಮೇಲೆ ‘ಎರ್ಡೆಪ್ಫೆಲ್‌ಕೇಸ್’ ಹಚ್ಚಿಕೊಟ್ಟರು. ಆಲೂಗಡ್ಡೆ, ಈರುಳ್ಳಿ, ಹುಳಿ ಕೆನೆ. ತುಂಬಾ ಇಷ್ಟವಾಯಿತು. ಮನೆಯಲ್ಲಿ ಮಿಕ್ಸಿಗೆ ಹಾಕಿ ಮಾಡಿದೆ, ಗೋಂದಿನ ಹಾಗೆ ಎಳೆ ಎಳೆ ಬಂತು. ಆಮೇಲೆ ಫೋರ್ಕಿನಲ್ಲಿ ಹಿಸುಕಿ ಮಾಡಿದೆ. ಅವತ್ತು ಚೆನ್ನಾಗಿತ್ತು, ಮಾರನೇ ದಿನ ಡಬ್ಬಿ ತೆಗೆದರೆ ಮೇಲೆಲ್ಲ ನೀರು, ಈರುಳ್ಳಿ ಕಹಿ. ಊರಿಂದ ಬಂದಿರುವ ಅತ್ತೆ ‘ಬೇಯಿಸಿದ ಆಲೂಗಡ್ಡೆ ರಾತ್ರಿ ಇಟ್ಟರೆ ವಿಷ ಆಗುತ್ತೆ, ಬೂದು ಬಣ್ಣಕ್ಕೆ ತಿರುಗಿದೆ ನೋಡು’ ಎನ್ನುತ್ತಾರೆ. ಮಾವನಿಗೆ ಶುಗರ್ ಇದೆ. ತಣ್ಣಗಾದ ಆಲೂಗಡ್ಡೆ ಶುಗರ್ ಏರಿಸಲ್ಲ ಅಂತ ಅವರಿಗೆ ವಾಟ್ಸಾಪ್‌ನಲ್ಲಿ ಬಂದಿದೆಯಂತೆ, ಹೌದಾ? ‘ಕೇಸ್’ ಅಂದರೆ ಚೀಸ್ ಅಲ್ವಾ, ಕರುವಿನ ಹೊಟ್ಟೆಯಿಂದ ತೆಗೆಯುವ ರೆನೆಟ್ ಇರುತ್ತಾ? ಹಾಸನಕ್ಕೆ ಹೋದಾಗ ಇದನ್ನೇ ಮಾಡಬೇಕೆಂದರೆ ಹುಳಿ ಕೆನೆ ಬದಲು ಏನು ಹಾಕಲಿ?

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆ ಇವೆ. ಆದರೆ ಗೋಂದು, ನೀರು, ಕೆಡುವ ಭಯ ಈ ಮೂರರ ಬೇರು ಒಂದೇ: ಆಲೂಗಡ್ಡೆಯೊಳಗಿನ ನೀರು ಎಲ್ಲಿದೆ, ಎಲ್ಲಿಗೆ ಹೋಗುತ್ತಿದೆ ಎನ್ನುವುದು. ಆಹಾರ ತಂತ್ರಜ್ಞಾನದ ಕೆಲಸದಲ್ಲಿ ನನ್ನ ಅರ್ಧ ತಲೆನೋವು ಈ ನೀರಿನದ್ದೇ. ನಿಮ್ಮ ಸಾಮಾನಿನ ಪಟ್ಟಿಯಲ್ಲಿ ತಪ್ಪೇನಿಲ್ಲ.

ಮೊದಲು ಚೀಸ್ ವಿಷಯ ಮುಗಿಸೋಣ. ಹೆಸರಲ್ಲಿ ಚೀಸ್ ಇದೆ, ಡಬ್ಬಿಯಲ್ಲಿ ಇಲ್ಲ. ಬೇಯಿಸಿದ ಆಲೂಗಡ್ಡೆ, ಹಸಿ ಈರುಳ್ಳಿ, ‘ಸಾವರ್‌ರಾಮ್’ ಅಂದರೆ ಹುಳಿ ಕೆನೆ, ಉಪ್ಪು, ಕಾಳುಮೆಣಸಿನ ಪುಡಿ, ಹಲವು ಮನೆಗಳಲ್ಲಿ ಶಾಜೀರಿಗೆಯಂಥ ಕ್ಯೂಮೆಲ್ ಕಾಳು, ಮೇಲೆ ಸಣ್ಣಗೆ ಹೆಚ್ಚಿದ ಚೈವ್ಸ್ ಎಂಬ ಈರುಳ್ಳಿ ಜಾತಿಯ ಸೊಪ್ಪು. ಇಷ್ಟೇ. ಹಾಲನ್ನು ರೆನೆಟ್ ಹಾಕಿ ಒಡೆಸುವ ಕೆಲಸವೇ ಇದರಲ್ಲಿ ಬರುವುದಿಲ್ಲ. (19ನೇ ಶತಮಾನದಲ್ಲಿ ಜರ್ಮನಿಯ ತುರಿಂಗಿಯಾ, ಸ್ಯಾಕ್ಸನಿ ಕಡೆ ಒಡೆದ ಹಾಲಿನ ಗಿಣ್ಣಿಗೆ ಆಲೂಗಡ್ಡೆ ಬೆರೆಸಿ ನಿಜವಾದ ಚೀಸನ್ನೇ ಮಾಡುತ್ತಿದ್ದರು. ಅದು ಬೇರೆ ಪದಾರ್ಥ.) ನೀವು ತಿಂದದ್ದು ಮೇಲಿನ ಆಸ್ಟ್ರಿಯಾ, ಕೆಳಗಿನ ಆಸ್ಟ್ರಿಯಾ ಎಂಬ ಎರಡು ಪ್ರಾಂತ್ಯಗಳ ರೈತರ ಮನೆಯ ತಿಂಡಿ. ಪಕ್ಕದ ಬವೇರಿಯಾದಲ್ಲೂ ಮಾಡುತ್ತಾರೆ.

ಸುಮ್ನೆ ಒಂದು ವಿಷಯ ಹೇಳಿಬಿಡುತ್ತೇನೆ. ನೀವು ಹೋಗಿದ್ದ ಮೊಸ್ಟ್‌ಫೀರ್ಟೆಲ್‌ನಲ್ಲೇ ಸೈಟೆನ್‌ಸ್ಟೆಟೆನ್ ಎಂಬ ಹಳೆಯ ಮಠವಿದೆ. ಅದರ ಮಠಾಧಿಪತಿ ಕಾಸ್ಪರ್ ಪ್ಲೌಟ್ಸ್ 1621ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆಲೂಗಡ್ಡೆಯ ಅಡುಗೆ ಬರೆದಿದ್ದಾರೆ. ಆದರೆ ಆಲೂಗಡ್ಡೆ ಅಲ್ಲಿನ ರೈತರ ಹೊಲಕ್ಕೆ ಇಳಿಯಲು ಇನ್ನೂ ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಪ್ರಿನ್ಜೆನ್‌ಡಾರ್ಫ್ ಎಂಬ ಹಳ್ಳಿಯ ಪಾದ್ರಿ 1761ರಲ್ಲಿ ತಂದು ನೆಡಿಸಿದ್ದನ್ನು ಕೆಳಗಿನ ಆಸ್ಟ್ರಿಯಾದಲ್ಲಿ ಈಗಲೂ ನೆನೆಯುತ್ತಾರೆ.

ಚೀಸ್ ಇಲ್ಲ ಅಂದ ಮಾತ್ರಕ್ಕೆ ಹೋಟೆಲಿನಲ್ಲಿ ಕಣ್ಣು ಮುಚ್ಚಿ ತಿನ್ನಬೇಡಿ. ಕೆಲವರು ಹುರಿದ ಶ್ಪೆಕ್, ಅಂದರೆ ಹಂದಿ ಮಾಂಸದ ಸಣ್ಣ ತುಂಡು, ಸೇರಿಸುತ್ತಾರೆ. ಕೆಲವರು ಮೊಟ್ಟೆಯ ಹಳದಿ ಹಾಕುತ್ತಾರೆ. ಆಲೂಗಡ್ಡೆ ಸಲಾಡಿಗೆ ಮಾಂಸದ ಸೂಪು ಸುರಿಯುವುದು ಅಲ್ಲಿ ಮಾಮೂಲು, ಅದೇ ಕೈ ಇಲ್ಲಿಗೂ ಬರಬಹುದು. ಆದ್ದರಿಂದ ಶ್ಪೆಕ್ ಇದೆಯಾ, ಮೊಟ್ಟೆ ಇದೆಯಾ, ಸೂಪು ಹಾಕಿದ್ದೀರಾ ಅಂತ ಮೂರನ್ನೂ ಬಿಡಿಬಿಡಿಯಾಗಿ ಕೇಳಿ. ‘ವೆಜಿಟೇರಿಯನ್ನಾ?’ ಎಂದಷ್ಟೇ ಕೇಳಿದರೆ ಸೂಪಿನ ನೆನಪು ಅವರಿಗೆ ಬರದೇ ಹೋಗಬಹುದು.

ಇದಕ್ಕಿಂತ ಜಾಸ್ತಿ ಮೋಸ ಹೋಗುವುದು ಪಕ್ಕದ ಬಟ್ಟಲಿನಿಂದ. ಮರದ ಹಲಗೆಯ ಮೇಲೆ ಬರುವ ‘ಬ್ರೆಟ್ಟಲ್‌ಯೌಸೆ’ಯಲ್ಲಿ ನಾಲ್ಕೈದು ಬಗೆ ಒಟ್ಟಿಗೆ ಇರುತ್ತವೆ. ಬೆಳ್ಳಗೆ, ಮೇಲೆ ಹಸಿ ಈರುಳ್ಳಿ ಉದುರಿಸಿಕೊಂಡು ಕೂತಿರುವುದು ಗ್ರಾಮ್ಮೆಲ್‌ಶ್ಮಾಲ್ಟ್ಸ್ ಇರಬಹುದು, ಅದು ಪೂರ್ತಿ ಹಂದಿ ಕೊಬ್ಬು. ಕೆಂಪಗಿರುವ ಲಿಪ್ಟವರ್ ಟಾಪ್ಫೆನ್ ಎಂಬ ಹಸಿ ಚೀಸಿನದ್ದು, ಹಳೇ ಕ್ರಮದಲ್ಲಿ ಅದಕ್ಕೆ ಉಪ್ಪು ಮೀನನ್ನೂ ಅರೆದು ಹಾಕುತ್ತಾರೆ. ಒಂದೇ ಚಾಕು ಎಲ್ಲದಕ್ಕೂ ಓಡಾಡುತ್ತದೆ. ನಿಮಗೆ ಅದು ಆಗದು ಅಂದರೆ ಎರ್ಡೆಪ್ಫೆಲ್‌ಕೇಸ್ ಮಾತ್ರ ಬೇರೆ ತಟ್ಟೆಯಲ್ಲಿ ಹೇಳಿ. ಹಾಗೇ, ಅಂಗಡಿಯಲ್ಲಿ ಆಲೂಗಡ್ಡೆ ಚೀಲದ ಮೇಲೆ ‘ಶ್ಪೆಕ್ಕಿಗ್’ ಅಂತ ಬರೆದಿದ್ದರೆ ಗಾಬರಿಯಾಗಬೇಡಿ. ಬೆಂದಮೇಲೆ ಗಟ್ಟಿಯಾಗಿ ಉಳಿಯುವ ತಳಿ ಅಂತ ಅಷ್ಟೇ, ಮಾಂಸಕ್ಕೂ ಅದಕ್ಕೂ ಸಂಬಂಧವಿಲ್ಲ.

ಈಗ ಗೋಂದು. ಆಲೂಗಡ್ಡೆ ಅಂದರೆ ಲಕ್ಷಾಂತರ ಪುಟ್ಟ ಕೋಶಗಳು, ಒಂದೊಂದರ ಒಳಗೂ ಪಿಷ್ಟದ ಹರಳು. ಬೇಯುವಾಗ, ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಈ ಹರಳು ಅಕ್ಕಪಕ್ಕದ ನೀರನ್ನು ಹೀರಿ ಉಬ್ಬುತ್ತದೆ. ಅದೇ ಹೊತ್ತಿಗೆ ಕೋಶ ಕೋಶವನ್ನು ಹಿಡಿದಿಟ್ಟ ಪೆಕ್ಟಿನ್ ಮೆತ್ತಗಾಗುತ್ತದೆ. ಮೆಲ್ಲಗೆ ಹಿಸುಕಿದರೆ ಕೋಶಗಳು ಒಡೆಯದೆ ಬಿಡಿಬಿಡಿಯಾಗುತ್ತವೆ, ಪಿಷ್ಟ ಒಳಗೇ ಇರುತ್ತದೆ. ಬಾಯಿಗೆ ಅದು ಉದುರುದುರು, ಮೃದು. ಮಿಕ್ಸಿಯ ಬ್ಲೇಡು ಕೋಶಗಳನ್ನೇ ಸೀಳಿಹಾಕುತ್ತದೆ. ಉಬ್ಬಿದ ಪಿಷ್ಟವೆಲ್ಲ ಹೊರಗೆ ಬಂದು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹಾಗೆ ಆದಮೇಲೆ ಅದನ್ನು ಸರಿಮಾಡುವ ದಾರಿ ಇಲ್ಲ. ಕೆನೆ ಸುರಿದರೆ ತೆಳ್ಳನೆಯ ಗೋಂದಾಗುತ್ತದೆ, ಅಷ್ಟೇ. ಅಕ್ಕಿಹಿಟ್ಟು ಕಲಸಿ ತಾಲಿಪಟ್ಟಿ ಹಾಕಿಬಿಡಿ.

ಹಾಗಾದರೆ ಯಾವುದರಿಂದ ಹಿಸುಕಬೇಕು? ಅಲ್ಲಿನ ಮನೆಗಳಲ್ಲಿ ಎರಡು ದಾರಿ ಇವೆ. ಒಂದು, ಬಿಸಿ ಇರುವಾಗಲೇ ಸಿಪ್ಪೆ ತೆಗೆದು, ನಮ್ಮ ಶಾವಿಗೆ ಒರಳಿನ ಹಾಗಿರುವ ಒತ್ತುವ ಸಾಧನದಲ್ಲಿ ಒಂದೇ ಸಲ ಒತ್ತಿ, ಅಗಲ ತಟ್ಟೆಯಲ್ಲಿ ಹರಡಿ ಹಬೆ ಹೋಗಲು ಬಿಡುವುದು. ಇನ್ನೊಂದು, ಹಿಂದಿನ ದಿನವೇ ಬೇಯಿಸಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಮಾರನೇ ದಿನ ತುರಿಯುವುದು. ನನ್ನ ಓಟು ಎರಡನೆಯದಕ್ಕೆ. ತಣ್ಣಗಾದ ಮೇಲೆ ಪಿಷ್ಟ ಕೋಶದೊಳಗೇ ಗಟ್ಟಿಯಾಗಿ ಕೂತುಬಿಡುತ್ತದೆ. ತುರಿಯುವಾಗ ಒಂದಷ್ಟು ಕೋಶ ಹರಿದರೂ ಗೋಂದಾಗುವುದು ಕಡಿಮೆ. ತುರಿದದ್ದನ್ನು ಫೋರ್ಕಿನಲ್ಲಿ ಅರ್ಧ ಮಾತ್ರ ಹಿಸುಕಿ. ಕಡಲೆಬೇಳೆ ಗಾತ್ರದ ಚೂರು ಅಲ್ಲಲ್ಲಿ ಉಳಿಯಬೇಕು. ಪೂರ್ತಿ ನುಣ್ಣಗಾದ ಎರ್ಡೆಪ್ಫೆಲ್‌ಕೇಸ್ ನನಗಂತೂ ಮಗುವಿನ ಊಟದ ಹಾಗೆ ಅನ್ನಿಸುತ್ತದೆ.

ತಳಿಯೂ ಮುಖ್ಯ. ಆಸ್ಟ್ರಿಯಾದಲ್ಲಿ ಚೀಲದ ಮೇಲೇ ಬರೆದಿರುತ್ತಾರೆ. ‘ಮೇಲಿಗ್’ ಅಂದರೆ ಹಿಟ್ಟು ಹಿಟ್ಟಾಗಿ ಬೇಯುವುದು, ‘ಫೆಸ್ಟ್‌ಕೊಖೆಂಡ್’ ಅಂದರೆ ಗಟ್ಟಿಯಾಗಿ ಉಳಿಯುವುದು. ಇದಕ್ಕೆ ಬೇಕಾದದ್ದು ಮೇಲಿಗ್. ಸಲಾಡಿಗೆ ಹೆಸರಾದ ಡಿಟ್ಟಾ ತಳಿ ಹಾಕಿದರೆ ಎಷ್ಟು ಹಿಸುಕಿದರೂ ಗಂಟು ಬಿಡುವುದಿಲ್ಲ, ಕೆನೆಯೂ ಒಳಗೆ ಇಳಿಯುವುದಿಲ್ಲ. ಬೇಸಿಗೆಯ ಶುರುವಿನಲ್ಲಿ ಬರುವ ತೆಳು ಸಿಪ್ಪೆಯ ಹೊಸ ಆಲೂಗಡ್ಡೆಯೂ ಬೇಡ, ನೀರಿನಂಶ ಜಾಸ್ತಿ. ಸಿಪ್ಪೆ ಸಮೇತ, ತಣ್ಣೀರಿನಲ್ಲಿ ಇಟ್ಟು ಬೇಯಿಸಲು ಶುರುಮಾಡಿ. ಹೆಚ್ಚಿ ಬೇಯಿಸಿದರೆ ಕತ್ತರಿಸಿದ ಮೈಯಿಂದ ನೀರು ಒಳಗೆ ಹೋಗುತ್ತದೆ, ಆ ನೀರೇ ಮಾರನೇ ದಿನ ಡಬ್ಬಿಯಲ್ಲಿ ನಿಮಗೆ ಸಿಗುವುದು. ಕುಕ್ಕರಿನಲ್ಲಿ ಸಿಪ್ಪೆ ಬಿರಿಯುವ ತನಕ ಸೀಟಿ ಹಾಕಿಸಿದರೂ ಅದೇ ಕಥೆ.

ಇನ್ನು ನಿಮ್ಮ ಡಬ್ಬಿಯ ಮೇಲಿನ ನೀರು. ಅದು ಕೆಟ್ಟಿದ್ದಕ್ಕೆ ಗುರುತಲ್ಲ. ಮೂರು ಕಡೆಯಿಂದ ಬರುತ್ತದೆ. ತಣ್ಣಗಾದ ಪಿಷ್ಟ ಬಿಗಿಯಾಗುತ್ತಾ ತಾನು ಹೀರಿಕೊಂಡಿದ್ದ ನೀರನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತದೆ. ಹುಳಿ ಕೆನೆ ಕಲಸಿದಾಗ ಅದರ ಹಿಡಿತ ಸಡಿಲವಾಗಿ ತಿಳಿ ಬಿಡುತ್ತದೆ. ಎಲ್ಲಕ್ಕಿಂತ ಜಾಸ್ತಿ ಬಿಡುವುದು ಈರುಳ್ಳಿ. ಉಪ್ಪು ತಾಗಿದ ಹಸಿ ಈರುಳ್ಳಿ ರಾತ್ರಿಯಿಡೀ ನೀರು ಬಿಡುತ್ತಲೇ ಇರುತ್ತದೆ. ಕಹಿಯೂ ಅದರದ್ದೇ. ಈರುಳ್ಳಿಯ ಕೋಶ ಒಡೆದಾಗ ಅದರ ಕಿಣ್ವ ಗಂಧಕದ ಖಾರ ಪದಾರ್ಥಗಳನ್ನು ಹುಟ್ಟಿಸುತ್ತದೆ. ಮೊಂಡು ಚಾಕುವಿನಲ್ಲಿ ಜಜ್ಜಿದಷ್ಟೂ, ತುರಿದಷ್ಟೂ ಅದು ಜಾಸ್ತಿ, ಹೊತ್ತು ಕಳೆದ ಹಾಗೆ ವಾಸನೆಯೂ ಬದಲಾಗುತ್ತದೆ.

ಇದಕ್ಕೆ ನಾನು ಹೇಳುವ ದಾರಿ ಸುಲಭ: ಎರಡು ಭಾಗವಾಗಿ ಇಡಿ. ಆಲೂಗಡ್ಡೆ, ಕೆನೆ, ಉಪ್ಪು ಕಲಸಿದ್ದು ಒಂದು ಡಬ್ಬಿ. ಈರುಳ್ಳಿ ಸೇರಿಸುವುದು ತಿನ್ನುವ ದಿನ, ತಿನ್ನುವ ಅರ್ಧ ಗಂಟೆ ಮೊದಲು. ಹರಿತ ಚಾಕುವಿನಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾಗಿ ಹೆಚ್ಚಿ, ಚಿಟಿಕೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಹಿಂಡಿ ಹಾಕಿ. ಕೆನೆಯನ್ನು ಬಿಸಿ ಆಲೂಗಡ್ಡೆಗೆ ಹಾಕಲೇಬೇಡಿ. ಕೊಬ್ಬು ಕರಗಿ, ಪ್ರೋಟೀನ್ ಒಡೆದು ನೀರಾಗುತ್ತದೆ. ಕೈಗೆ ಬೆಚ್ಚಗೂ ಅನ್ನಿಸಬಾರದು, ಆಗ ಹಾಕಿ. ಅಳತೆ ಬೇಕಾದರೆ ಅರ್ಧ ಕಿಲೋ ಆಲೂಗಡ್ಡೆಗೆ 150ರಿಂದ 180 ಗ್ರಾಂ ಹುಳಿ ಕೆನೆ, ಒಂದು ಸಣ್ಣ ಈರುಳ್ಳಿ. ಪೂರ್ತಿ ಕೆನೆ ಒಂದೇ ಸಲ ಬೇಡ, ಆಲೂಗಡ್ಡೆ ಎಷ್ಟು ಹಿಡಿಯುತ್ತೋ ನೋಡಿಕೊಂಡು ಹಾಕಿ. ಚಾಕುವಿನಲ್ಲಿ ಎತ್ತಿದರೆ ಜಾರದೆ ನಿಲ್ಲಬೇಕು. ಉಪ್ಪನ್ನು ಫ್ರಿಜ್ಜಿನಿಂದ ತೆಗೆದ ಮೇಲೆ ಮತ್ತೊಮ್ಮೆ ನೋಡಿ, ತಣ್ಣಗಾದಾಗ ನಾಲಗೆಗೆ ಉಪ್ಪು ಕಡಿಮೆ ಅನ್ನಿಸುತ್ತದೆ.

ಕ್ಯೂಮೆಲ್ ಬಗ್ಗೆ ಒಂದು ಮಾತು. ಲಿಂಜ್‌ನ ಅಂಗಡಿಯಲ್ಲಿ ಅದನ್ನು ನೋಡಿ ಜೀರಿಗೆ ಅಂತ ತಂದವರು, ಜೀರಿಗೆಯನ್ನೇ ಕ್ಯೂಮೆಲ್ ಅಂತ ಹಾಕಿದವರು ಎರಡೂ ಕಡೆಯವರೂ ಇದ್ದಾರೆ. ಕ್ಯೂಮೆಲ್ ನಮ್ಮ ಶಾಜೀರಿಗೆಯ ಬಳಗದ್ದು. ನಮ್ಮ ಅಡುಗೆಮನೆಯ ಜೀರಿಗೆಗೆ ಅಲ್ಲಿ ‘ಕ್ರೊಯ್ಟ್ಸ್‌ಕ್ಯೂಮೆಲ್’ ಅನ್ನುತ್ತಾರೆ. ಎರ್ಡೆಪ್ಫೆಲ್‌ಕೇಸ್‌ಗೆ ಬೇಕಾದದ್ದು ಮೊದಲನೆಯದು. ಆಲೂಗಡ್ಡೆ ಬೇಯುವ ನೀರಿಗೇ ಅರ್ಧ ಚಮಚ ಹಾಕಿದರೆ ಘಮ ಹದವಾಗಿ ಬರುತ್ತದೆ, ಕಾಳು ಹಲ್ಲಿಗೆ ಸಿಗುವುದಿಲ್ಲ.

ಅತ್ತೆಯ ಮಾತಿಗೆ ಬರೋಣ. ಅವರ ಭಯ ಪೂರ್ತಿ ಸುಳ್ಳಲ್ಲ, ಆದರೆ ಕಾರಣ ಬೇರೆ. ಬೂದು ಬಣ್ಣ ವಿಷವಲ್ಲ. ಆಲೂಗಡ್ಡೆಯ ಕ್ಲೋರೋಜೆನಿಕ್ ಆಮ್ಲವೂ ಕಬ್ಬಿಣದ ಅಂಶವೂ ಬೇಯುವಾಗ ಸೇರಿಕೊಂಡು, ಗಾಳಿ ತಾಗಿದಾಗ ಹಾಗೆ ಕಪ್ಪಾಗುತ್ತದೆ. ಬೇಯಿಸುವ ನೀರಿಗೆ ಒಂದು ಚಮಚ ವಿನೆಗರ್ ಬಿಟ್ಟರೆ ಕಡಿಮೆಯಾಗುತ್ತದೆ. ಬೇಯಿಸಿದ ಆಲೂಗಡ್ಡೆ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇದ್ದರೂ ವಿಷವಾಗುವುದಿಲ್ಲ.

ತೊಂದರೆ ಇರುವುದು ಹೊರಗೆ ಇಟ್ಟಾಗ. ಮಣ್ಣಿನಲ್ಲಿ ಬೆಳೆಯುವ ಗಡ್ಡೆಯಾದ್ದರಿಂದ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣು ಅದರ ಮೈಮೇಲೆ ಇದ್ದೇ ಇರುತ್ತವೆ, ಕುದಿಸಿದರೂ ಸಾಯುವುದಿಲ್ಲ. ಬೆಂದ ಆಲೂಗಡ್ಡೆ ಬೆಚ್ಚಗೆ ಕೂತರೆ ಅವಕ್ಕೆ ಹಬ್ಬ. 1994ರಲ್ಲಿ ಅಮೆರಿಕದ ಎಲ್ ಪಾಸೊ ನಗರದಲ್ಲಿ ನಡೆದದ್ದನ್ನು ನಮ್ಮ ಕ್ಷೇತ್ರದಲ್ಲಿ ಇವತ್ತಿಗೂ ಪಾಠವಾಗಿ ಹೇಳುತ್ತಾರೆ. ಒಂದು ಗ್ರೀಕ್ ಹೋಟೆಲಿನಲ್ಲಿ ಫಾಯಿಲ್ ಸುತ್ತಿ ಸುಟ್ಟ ಆಲೂಗಡ್ಡೆಯನ್ನು ಫಾಯಿಲ್ ಬಿಚ್ಚದೆ ಹಲವು ದಿನ ಹೊರಗೇ ಇಟ್ಟು, ಆಮೇಲೆ ಬ್ರೆಡ್ಡಿಗೆ ನಂಚಿಕೊಳ್ಳುವ ಆಲೂಗಡ್ಡೆ ಡಿಪ್ ಮಾಡಿದ್ದರು. 30 ಜನರಿಗೆ ಬೊಟುಲಿಸಂ, ಅಂದರೆ ನರಗಳನ್ನು ಹಿಡಿಯುವ ಬ್ಯಾಕ್ಟೀರಿಯಾ ವಿಷದ ಕಾಯಿಲೆ, ಆಯಿತು. ಫಾಯಿಲ್ ಒಳಗೆ ಗಾಳಿ ಇಲ್ಲ, ತೇವ ಇದೆ, ಬೆಚ್ಚಗಿದೆ. ಆ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅಷ್ಟೇ. ಆದ್ದರಿಂದ ಎರ್ಡೆಪ್ಫೆಲ್‌ಕೇಸ್‌ಗೆ ಫಾಯಿಲ್ಲಿನ ಆಲೂಗಡ್ಡೆ ಬಳಸಲೇಬೇಡಿ.

‘ಹುಳಿ ಹಾಕಿದ್ದೇವಲ್ಲ, ಕೆಡಲ್ಲ’ ಅನ್ನುವವರೂ ಇದ್ದಾರೆ. ಅದನ್ನು ನಂಬಬೇಡಿ. ಉಪ್ಪಿನಕಾಯಿಯ ಹುಳಿ ಬೇರೆ, ಇದು ಬೇರೆ. ಆಲೂಗಡ್ಡೆಗೆ ಸ್ವಂತ ಹುಳಿ ಇಲ್ಲವೇ ಇಲ್ಲ ಅನ್ನಬೇಕು, ಕೆನೆಯ ಹುಳಿ ಅಷ್ಟೊಂದು ಪಿಷ್ಟದಲ್ಲಿ ಹಂಚಿಹೋಗುತ್ತದೆ. ಕಾಪಾಡುವ ಮಟ್ಟಕ್ಕೆ ಏರುತ್ತದೆ ಅನ್ನುವ ಖಾತ್ರಿ ಇಲ್ಲ. ಬೆಂದ ಗಡ್ಡೆಯನ್ನು ದೊಡ್ಡ ಪಾತ್ರೆಯಲ್ಲಿ ಮುಚ್ಚಿಡದೆ ಅಗಲವಾಗಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಫ್ರಿಜ್ 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇರಲಿ. ಕಲಸಿದ್ದು ಎರಡು ದಿನ ಧಾರಾಳವಾಗಿ ಬರುತ್ತದೆ, ಈರುಳ್ಳಿ ಸೇರಿಸಿದ್ದನ್ನು ಅವತ್ತೇ ಮುಗಿಸಿ. ಮೇಜಿನ ಮೇಲೆ ಎರಡು ಗಂಟೆಗಿಂತ ಜಾಸ್ತಿ ಕೂತದ್ದನ್ನು ಮತ್ತೆ ಒಳಗಿಡಬೇಡಿ.

ಅತ್ತೆ ನಿಜವಾಗಿ ಹೆದರಬೇಕಾದದ್ದು ಹಸಿರು ಬಣ್ಣಕ್ಕೆ. ಬೆಳಕು ತಾಗಿ ಹಸಿರಾದ, ಮೊಳಕೆ ಬಂದ ಆಲೂಗಡ್ಡೆಯಲ್ಲಿ ಸೋಲನಿನ್ ಎಂಬ ವಿಷ ಜಾಸ್ತಿ ಇರುತ್ತದೆ, ಕುದಿಸಿದರೂ ಅದು ಹೋಗುವುದಿಲ್ಲ. ಸಣ್ಣ ಕಲೆಯಾದರೆ ಆಳವಾಗಿ ಕೆತ್ತಿ ತೆಗೆಯಿರಿ. ಗಡ್ಡೆಯೇ ಹಸಿರಾಗಿದ್ದರೆ, ತಿಂದಾಗ ಕಹಿ ಬಂದರೆ, ಎಸೆಯಿರಿ. ಹಸಿ ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಆ ಚಳಿಗೆ ಪಿಷ್ಟ ಸಕ್ಕರೆಯಾಗಿ, ನಿಮ್ಮ ಎರ್ಡೆಪ್ಫೆಲ್‌ಕೇಸ್ ಸಿಹಿ ಹೊಡೆಯುತ್ತದೆ. ಕತ್ತಲೆ, ತಂಪು, ಗಾಳಿಯಾಡುವ ಜಾಗ ಸಾಕು.

ಮಾವನ ವಾಟ್ಸಾಪ್ ಸುದ್ದಿಯಲ್ಲಿ ಕಾಲುಭಾಗ ಸತ್ಯ ಇದೆ. ಬೇಯಿಸಿ ತಣ್ಣಗೆ ಮಾಡಿದಾಗ ಪಿಷ್ಟದ ಒಂದು ಸಣ್ಣ ಪಾಲು ಸುಲಭವಾಗಿ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ. ಉಳಿದದ್ದೆಲ್ಲ ಎಂದಿನ ಪಿಷ್ಟವೇ. ಜೊತೆಗೆ ಅದನ್ನು ಹಚ್ಚುವುದು ಬ್ರೆಡ್ಡಿನ ಮೇಲೆ, ಅಂದರೆ ಪಿಷ್ಟದ ಮೇಲೆ ಪಿಷ್ಟ. ಕೆನೆಯ ಕೊಬ್ಬು, ಇಡೀ ರೈ ಕಾಳಿನ ಒರಟು ಬ್ರೆಡ್ಡು ಏರಿಕೆಯನ್ನು ಸ್ವಲ್ಪ ನಿಧಾನ ಮಾಡಬಹುದು, ನಿಲ್ಲಿಸುವುದಿಲ್ಲ. ಒಂದು ತೆಳು ಹೋಳು, ಜೊತೆಗೆ ಮೂಲಂಗಿ, ಸೌತೆಕಾಯಿ ಕೊಡಿ. ಎರಡು ಗಂಟೆ ಬಿಟ್ಟು ಅವರ ಮೀಟರಿನಲ್ಲೇ ನೋಡಿ. ಬೇರೆ ಯಾರ ಮಾತಿಗಿಂತ ಆ ಅಂಕಿ ಅವರ ಡಾಕ್ಟರಿಗೆ ಜಾಸ್ತಿ ಉಪಯೋಗ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈ ಸುದ್ದಿ ನಂಬಿ ಡೋಸ್ ಬದಲಿಸುವುದು ಮಾತ್ರ ಬೇಡ.

ಕೊನೆಗೆ ಹಾಸನ. ಆಲೂಗಡ್ಡೆ ಊರಿನಲ್ಲೇ ಆಲೂಗಡ್ಡೆಯ ಚಿಂತೆ ಮಾಡಬೇಕಾಗಿರುವುದು ತಮಾಷೆಯೇ. ಅಲ್ಲಿ ಮುಂಗಾರಿನ ಬೆಳೆ ಕಿತ್ತು ನೇರ ಸಂತೆಗೆ ಬಂದದ್ದರಲ್ಲಿ ನೀರು ಜಾಸ್ತಿ. ಕೆಲವು ವಾರ ಇಟ್ಟು ಸಿಪ್ಪೆ ಬಲಿತದ್ದನ್ನು ಆರಿಸಿ. ನಮ್ಮಲ್ಲಿ ಚೀಲದ ಮೇಲೆ ಮೇಲಿಗ್ ಅಂತ ಬರೆದಿರುವುದಿಲ್ಲ, ಆದ್ದರಿಂದ ಒಂದನ್ನು ಬೇಯಿಸಿ ನೋಡಿ. ಫೋರ್ಕಿಗೆ ಹಿಟ್ಟಾಗಿ ಉದುರಿದರೆ ಅದೇ ಸರಿ, ಮೇಣದ ಹಾಗೆ ಹೊಳೆದರೆ ಪಲ್ಯಕ್ಕೆ ಇರಲಿ.

ಹುಳಿ ಕೆನೆಯ ಬದಲಿಗೆ ಸುಮ್ನೆ ಮೊಸರು ಸುರಿದರೆ ಆಗುವುದಿಲ್ಲ. ಆಸ್ಟ್ರಿಯಾದ ಸಾವರ್‌ರಾಮ್‌ನಲ್ಲಿ ಸುಮಾರು 15 ಶೇಕಡಾ ಕೊಬ್ಬು ಇರುತ್ತದೆ, ಮನೆ ಮೊಸರಲ್ಲಿ ಅದಕ್ಕಿಂತ ತುಂಬಾ ಕಡಿಮೆ, ಉಳಿದದ್ದು ನೀರೇ ಜಾಸ್ತಿ. ಹುಳಿಯಾಗದ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ, ಫ್ರಿಜ್ಜಿನಲ್ಲೇ ರಾತ್ರಿಯಿಡೀ ಸೋಸಲು ಬಿಡಿ. ಅದರ ಮೂರು ಪಾಲಿಗೆ ಒಂದು ಪಾಲು ಫ್ರೆಶ್ ಕ್ರೀಮ್ ಬೆರೆಸಿದರೆ ಹತ್ತಿರಕ್ಕೆ ಬರುತ್ತದೆ. ಮೊಸರಿನ ಹುಳಿ ಇಟ್ಟಷ್ಟೂ ಏರುತ್ತದೆ, ಹಾಗಾಗಿ ಇದನ್ನು ಎರಡನೇ ದಿನಕ್ಕೆ ಉಳಿಸಬೇಡಿ. ಚೈವ್ಸ್ ಸಿಗದಿದ್ದರೆ ಈರುಳ್ಳಿ ಹೂವಿನ ಹಸಿರು ಸಾಕು. ನಮ್ಮ ಕೆಂಪು ಈರುಳ್ಳಿ ಖಾರ ಜಾಸ್ತಿ, ಅರ್ಧಕ್ಕೆ ಇಳಿಸಿ. ಬ್ರೆಡ್ಡು ಮಾತ್ರ ಬೇಕರಿಯ ಸಿಹಿ ಬಿಳಿ ಬ್ರೆಡ್ ಬೇಡ. ಹುಳಿ, ಒರಟು ಬ್ರೆಡ್ಡು ಸಿಗದೇ ಹೋದರೆ ದಪ್ಪ ರಾಗಿ ರೊಟ್ಟಿಯ ಮೇಲೆ ಹಚ್ಚಿ.

ಅತ್ತೆ ಇದನ್ನು ನೋಡಿ ‘ಒಗ್ಗರಣೆ ಇಲ್ಲದ ಮೊಸರು ಬಜ್ಜಿ’ ಅನ್ನಬಹುದು. ಒಗ್ಗರಣೆ ಹಾಕಿಕೊಡಲಿ ಬಿಡಿ, ಸಾಸಿವೆ ಹಸಿಮೆಣಸಿನಕಾಯಿ ಅದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಎಣ್ಣೆ ಆರಿದ ಮೇಲೆ ಸುರಿಯಲು ಹೇಳಿ, ಇಲ್ಲದಿದ್ದರೆ ಕೆನೆ ಒಡೆದು ಮತ್ತೆ ನೀರು ಬಿಡುತ್ತದೆ. ಆಮೇಲೆ ಜಾಸ್ತಿ ಉಳಿಯಿತು ಅಂತ ಫ್ರೀಜರಿಗೆ ಹಾಕಲು ಹೋಗಬೇಡಿ. ಕರಗಿದಾಗ ಆಲೂಗಡ್ಡೆ ಸ್ಪಂಜಾಗಿ ನೀರು ಬೇರೆ, ಗಡ್ಡೆ ಬೇರೆ ಆಗಿಬಿಡುತ್ತದೆ.